ಯಾಕೋಬ: ಹೆಸರಿನ ಅರ್ಥ, ಮೂಲ ಮತ್ತು ಪ್ರಸಾರ

ಯಾಕೋಬ ಎಂಬುದು ಹೀಬ್ರೂ ಮೂಲದ ಪುರುಷನಾಮ. ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದಲ್ಲಿ ಇದು ಅಬ್ರಹಾಮನ ಮೊಮ್ಮಗನೂ, ಇಸಾಕ ಮತ್ತು ರೆಬೆಕ್ಕಳ ಅವಳಿ ಮಕ್ಕಳಲ್ಲಿ ಕಿರಿಯವನೂ, ಇಸ್ರಾಯೇಲರ ಹನ್ನೆರಡು ಕುಲಗಳ ಮೂಲಪುರುಷನೂ ಆದವನ ಹೆಸರು. ಯೆಹೂದ್ಯ, ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳು ಮೂರೂ ಈತನನ್ನು ಪೂರ್ವಜನೆಂದೋ ಪ್ರವಾದಿಯೆಂದೋ ಗೌರವಿಸುವುದರಿಂದ ಈ ಹೆಸರು ಮೂರೂ ಧರ್ಮಗಳ ಜೊತೆಗೆ ಊರೂರು ಸುತ್ತಿ, ಜೇಕಬ್, ಜೇಮ್ಸ್, ಯಾಕೂಬ್, ಝಾಕ್, ಜಾಕೊಮೊ, ಸಾಂತಿಯಾಗೊ, ಹಾಕೋಬ್, ಚಾಕೋ ಎಂದು ಒಂದಕ್ಕೊಂದು ನಂಟೇ ಇಲ್ಲವೆನ್ನಿಸುವಷ್ಟು ಬೇರೆಬೇರೆ ರೂಪಗಳನ್ನು ಪಡೆದಿದೆ. ಮಕ್ಕಳಿಗೆ ಹೆಸರಿಡುವವರಿಗಾಗಿ ಸಿದ್ಧವಾಗುವ ಕೈಪಿಡಿಗಳು ಇದಕ್ಕೆ ‘ಹಿಮ್ಮಡಿ ಹಿಡಿದವನು’, ‘ಮತ್ತೊಬ್ಬನ ಸ್ಥಾನವನ್ನು ಕಿತ್ತುಕೊಂಡವನು’, ಕೆಲವೊಮ್ಮೆ ನೇರವಾಗಿ ‘ಮೋಸಗಾರ’ ಎಂಬ ಅರ್ಥವನ್ನೇ ಕೊಡುತ್ತವೆ. ಆದಿಕಾಂಡದ ಕಥೆಯೊಳಗೆ ಈ ಅರ್ಥಕ್ಕೆ ಆಧಾರವಿದೆಯಾದರೂ, ಹೆಸರಿನ ನಿಜವಾದ ಹುಟ್ಟನ್ನು ಪ್ರಾಚೀನ ಪಶ್ಚಿಮ ಏಷ್ಯಾದ ಶಾಸನಗಳ ನೆರವಿನಿಂದ ಹುಡುಕಿದ ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ‘ದೇವರು ಕಾಪಾಡಲಿ’ ಎಂಬ ಹಾರೈಕೆಯ ಸಂಕ್ಷಿಪ್ತ ರೂಪವೆಂದು ತಿಳಿಯುತ್ತಾರೆ.

ಹೀಬ್ರೂ ಲಿಪಿಯಲ್ಲಿ ಈ ಹೆಸರನ್ನು ಯೋದ್, ಅಯಿನ್, ಕೋಫ್, ಬೇತ್ ಎಂಬ ನಾಲ್ಕು ವ್ಯಂಜನಗಳಿಂದ ಬರೆಯುತ್ತಾರೆ. ಇವುಗಳಲ್ಲಿ ಅಯಿನ್ ಎಂಬುದು ಗಂಟಲಿನ ಆಳದಿಂದ ಹೊರಡುವ ಧ್ವನಿಯಾಗಿದ್ದು, ಕನ್ನಡದಲ್ಲಾಗಲಿ ಯುರೋಪಿನ ಭಾಷೆಗಳಲ್ಲಾಗಲಿ ಅದಕ್ಕೆ ಸಮನಾದ ಅಕ್ಷರವಿಲ್ಲ. ಹೆಸರು ಆ ಭಾಷೆಗಳಿಗೆ ದಾಟಿದ ಕೂಡಲೇ ಅದು ಸದ್ದಿಲ್ಲದೆ ಕರಗಿಹೋಗಿ, ಹಿಂದಿನ ಸ್ವರ ದೀರ್ಘವಾದಂತೆ ಕೇಳಿಸುತ್ತದೆ. ಕೊನೆಯ ಬೇತ್ ಸ್ವರದ ನಂತರ ಬಂದಾಗ ‘ವ’ಕಾರವಾಗಿ ಉಚ್ಚರಿತವಾಗುವುದರಿಂದ ಇಂದಿನ ಹೀಬ್ರೂ ಭಾಷಿಕರು ‘ಯಾಕೋವ್’ ಎನ್ನುತ್ತಾರೆ. ಆದರೆ ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಅಲೆಕ್ಸಾಂಡ್ರಿಯಾದಲ್ಲಿ ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕ್ ಭಾಷೆಗೆ ತಂದವರು ಅದನ್ನು ‘ಬ’ಕಾರದಿಂದಲೇ ಬರೆದರು, ಕನ್ನಡದ ‘ಯಾಕೋಬ’ದಲ್ಲಿಯೂ ಆ ‘ಬ’ಕಾರವೇ ಉಳಿದುಬಂದಿದೆ. ಸೆಮಿಟಿಕ್ ಭಾಷೆಗಳಲ್ಲಿ, ಅಂದರೆ ಹೀಬ್ರೂ, ಅರಮಾಯಿಕ್, ಅರಬ್ಬಿ, ಅಕ್ಕಾಡಿಯನ್ ಮೊದಲಾದ ಭಾಷೆಗಳ ಕುಟುಂಬದಲ್ಲಿ, ಪದಗಳ ಬೀಜಾರ್ಥ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಲ್ಲಿರುತ್ತದೆ. ಇಲ್ಲಿ ಅಯಿನ್, ಕೋಫ್, ಬೇತ್ ಮೂರೂ ಸೇರಿ ಧಾತು. ಮೊದಲಿನ ಯೋದ್ ಪ್ರಥಮ ಪುರುಷ ಏಕವಚನವನ್ನು ಸೂಚಿಸುವ ಪೂರ್ವಪ್ರತ್ಯಯ. ಹೀಗಾಗಿ ಹೆಸರು ರಚನೆಯಲ್ಲಿ ನಾಮಪದವಾಗಿರದೆ ‘ಅವನು ಹೀಗೆ ಮಾಡುತ್ತಾನೆ’ ಅಥವಾ ‘ಅವನು ಹೀಗೆ ಮಾಡಲಿ’ ಎಂಬ ಪುಟ್ಟ ವಾಕ್ಯವಾಗಿದೆ. ಯಾಕೋಬನ ತಂದೆ ಇಸಾಕನ ಹೆಸರೂ (‘ಅವನು ನಗುತ್ತಾನೆ’), ಮಗ ಯೋಸೇಫನ ಹೆಸರೂ (‘ಅವನು ಇನ್ನೂ ಹೆಚ್ಚಿಸಲಿ’) ಇದೇ ಅಚ್ಚಿನಲ್ಲಿವೆ. ‘ಅವನು’ ಎಂದರೆ ಯಾರು, ಅವನು ಮಾಡುವುದೇನು ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಹೆಸರಿನ ಅರ್ಥ ನಿಂತಿದೆ.

ಆದಿಕಾಂಡದ ಉತ್ತರ ಎಲ್ಲರಿಗೂ ಪರಿಚಿತವಾದದ್ದು. ಅದರ 25ನೆಯ ಅಧ್ಯಾಯದ ಪ್ರಕಾರ ರೆಬೆಕ್ಕಳ ಗರ್ಭದಲ್ಲೇ ಅವಳಿಗಳು ಪರಸ್ಪರ ನೂಕಾಡುತ್ತಿದ್ದವು. ಹೆರಿಗೆಯ ವೇಳೆ ಮೈತುಂಬ ಕೂದಲಿದ್ದ ಏಸಾವ ಮೊದಲು ಹೊರಬಂದರೆ, ಎರಡನೆಯ ಮಗು ಅಣ್ಣನ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹುಟ್ಟಿತು. ಹೀಬ್ರೂವಿನಲ್ಲಿ ಹಿಮ್ಮಡಿಗೆ ‘ಅಕೇವ್’ ಎನ್ನುವುದರಿಂದ ಮಗುವಿಗೆ ಯಾಕೋವ್ ಎಂಬ ಹೆಸರಾಯಿತೆಂದು ಕಥೆ ಸೂಚಿಸುತ್ತದೆ. ಮುಂದೆ ಹಸಿದು ಬಂದ ಅಣ್ಣನಿಗೆ ಕೆಂಪಗೆ ಬೆಂದ ಬೇಳೆಯ ಅಡುಗೆಯನ್ನು ಕೊಟ್ಟು ಅವನ ಚೊಚ್ಚಲತನದ ಹಕ್ಕನ್ನು ಯಾಕೋಬ ಕೊಂಡುಕೊಳ್ಳುತ್ತಾನೆ. ಆಮೇಲೆ ತಾಯಿಯ ಮಾತಿನಂತೆ ಕೈಗಳಿಗೂ ಕೊರಳಿಗೂ ಮೇಕೆಮರಿಯ ಚರ್ಮವನ್ನು ಸುತ್ತಿಕೊಂಡು, ಕಣ್ಣು ಮಂಜಾದ ತಂದೆಯ ಮುಂದೆ ತಾನೇ ಏಸಾವನೆಂದು ನಿಂತು ಹಿರಿಯ ಮಗನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಪಡೆಯುತ್ತಾನೆ. ವಿಷಯ ತಿಳಿದ ಏಸಾವ 27ನೆಯ ಅಧ್ಯಾಯದಲ್ಲಿ ಕಹಿಯಾಗಿ ಅಳುತ್ತಾ, ಇವನಿಗೆ ಆ ಹೆಸರಿಟ್ಟದ್ದು ಸರಿಯಾಗಿಯೇ ಇದೆ, ಎರಡು ಸಲ ನನ್ನನ್ನು ವಂಚಿಸಿದ ಎನ್ನುತ್ತಾನೆ. ಇಲ್ಲಿ ಬರುವ ಕ್ರಿಯಾಪದವೂ ಅದೇ ಧಾತುವಿನದು, ಹಿಮ್ಮಡಿಗೆ ಕಾಲುಕೊಟ್ಟು ಬೀಳಿಸು, ಹಿಂದಿನಿಂದ ಬಂದು ಕೆಡಿಸು ಎಂಬ ಅರ್ಥಛಾಯೆಯದು. ಅದೇ ಮಾತಿನಲ್ಲಿ ಚೊಚ್ಚಲತನಕ್ಕೆ ‘ಬೆಖೋರಾ’, ಆಶೀರ್ವಾದಕ್ಕೆ ‘ಬೆರಾಖಾ’ ಎಂಬ ಪದಗಳು ಅಕ್ಷರ ಅದಲುಬದಲಾದಂತೆ ಜೋಡಿಯಾಗಿ ಬಂದು, ಅಣ್ಣನ ದುಃಖಕ್ಕೂ ಶ್ಲೇಷೆಯ ಬಿಗಿಯನ್ನು ಕೊಡುತ್ತವೆ. ಪ್ರವಾದಿಗಳೂ ಈ ಶ್ಲೇಷೆಯನ್ನು ಬಿಡಲಿಲ್ಲ: ಹೋಶೇಯನು ತನ್ನ ಗ್ರಂಥದ 12ನೆಯ ಅಧ್ಯಾಯದಲ್ಲಿ ಗರ್ಭದಲ್ಲಿನ ಹಿಮ್ಮಡಿಯ ಪ್ರಸಂಗವನ್ನು ನೆನಪಿಸಿ ಜನಾಂಗವನ್ನೇ ಗದರಿಸಿದರೆ, ಯೆರೆಮೀಯನು ತನ್ನ ಕಾಲದಲ್ಲಿ ಅಣ್ಣತಮ್ಮಂದಿರೂ ಒಬ್ಬರನ್ನೊಬ್ಬರು ವಂಚಿಸುತ್ತಾರೆಂದು ಹೇಳುವಾಗ ಪೂರ್ವಜನ ಹೆಸರೇ ಕಿವಿಗೆ ಬೀಳುವಂತೆ ಆ ಕ್ರಿಯಾಪದವನ್ನು ಇಮ್ಮಡಿಗೊಳಿಸಿ ಬಳಸುತ್ತಾನೆ.

ಕೈಪಿಡಿಗಳಲ್ಲಿ ಇಂದಿಗೂ ಕಾಣುವ ಅರ್ಥ ಈ ಕಥೆಯಿಂದ ನೇರವಾಗಿ ಬಂದದ್ದಲ್ಲ. ನಡುವೆ ಇಬ್ಬರು ವ್ಯಾಖ್ಯಾನಕಾರರಿದ್ದಾರೆ. ಕ್ರಿಸ್ತಶಕದ ಆರಂಭದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಯೆಹೂದ್ಯ ತತ್ತ್ವಜ್ಞಾನಿ ಫೈಲೋ ಗ್ರೀಕ್ ಭಾಷೆಯಲ್ಲಿ ಬರೆಯುತ್ತಾ ಈ ಹೆಸರನ್ನು ‘ಹಿಮ್ಮಡಿಗೆ ಹೊಡೆದು ಕೆಡವುವವನು’ ಎಂದು ಬಿಡಿಸಿ, ಅದನ್ನು ತನ್ನ ವಾಸನೆಗಳನ್ನು ಕೆಡವಿ ಗೆಲ್ಲುವ ಸಾಧಕನ ಸಂಕೇತವೆಂದು ಮೆಚ್ಚುಗೆಯಿಂದಲೇ ವಿವರಿಸಿದ. 4ನೆಯ ಶತಮಾನದ ಕೊನೆಯಲ್ಲಿ ಬೈಬಲಿನ ಹೆಸರುಗಳ ಕೋಶವನ್ನು ಸಿದ್ಧಪಡಿಸಿದ ಜೆರೋಮ್ ಅದನ್ನೇ ಲ್ಯಾಟಿನಿಗೆ ತಂದಾಗ ಅಂಗಾಲಿನ ಕೆಳಗೆ ಕಾಲುಕೊಡುವವನು ಎಂಬ ಮೂಲಾರ್ಥದ ಪದವನ್ನು ಆಯ್ದುಕೊಂಡ. ಯುರೋಪಿನ ಭಾಷೆಗಳಲ್ಲಿ ಆ ಪದ ಕ್ರಮೇಣ ‘ಸ್ಥಾನ ಕಸಿದುಕೊಳ್ಳುವವನು’ ಎಂಬ ಅರ್ಥಕ್ಕೆ ಸರಿದದ್ದರಿಂದ, ಫೈಲೋ ಕಂಡಿದ್ದ ಸಾಧಕ ಮರೆಯಾಗಿ ವಂಚಕನೊಬ್ಬನೇ ಉಳಿದ.

ಆದಿಕಾಂಡದ ನಾಮನಿರ್ವಚನಗಳನ್ನು ಇಂದಿನ ಭಾಷಾಶಾಸ್ತ್ರದ ವ್ಯುತ್ಪತ್ತಿಗಳಂತೆ ಓದುವುದು ಆ ಗ್ರಂಥಕ್ಕೆ ನ್ಯಾಯವಾಗುವುದಿಲ್ಲ. ಅಲ್ಲಿ ಹೆಸರಿಗೂ ಘಟನೆಗೂ ಧ್ವನಿಸಾಮ್ಯದ ಮೂಲಕ ನಂಟು ಕಟ್ಟುವುದು ಕಥನದ ಒಂದು ಕ್ರಮ. ಯಾಕೋಬನ ಮಕ್ಕಳಿಗೆ ಅವರ ತಾಯಂದಿರು ಹೆಸರಿಡುವ ಪ್ರಸಂಗದಲ್ಲಿ ಹತ್ತಕ್ಕೂ ಹೆಚ್ಚು ಹೆಸರುಗಳಿಗೆ ಇದೇ ಬಗೆಯ ವಿವರಣೆಗಳು ಒಂದರ ಹಿಂದೊಂದು ಬರುತ್ತವೆ. ಯಾಸ್ಕನ ನಿರುಕ್ತದಲ್ಲಿ ಒಂದೇ ಪದಕ್ಕೆ ಎರಡು ಮೂರು ನಿರ್ವಚನಗಳನ್ನು ಕಂಡ ಓದುಗರಿಗೆ ಈ ಕ್ರಮ ಹೊಸದೆನಿಸದು. ಕಥೆ ಹುಟ್ಟುವುದಕ್ಕೆ ಮೊದಲೇ ಹೆಸರು ಬಳಕೆಯಲ್ಲಿತ್ತೇ, ಇದ್ದರೆ ಯಾವ ಅರ್ಥದಲ್ಲಿ ಎಂಬುದನ್ನು ತಿಳಿಯಲು ಬೈಬಲಿನ ಹೊರಗಿನ ಸಾಕ್ಷ್ಯಗಳೇ ಬೇಕು.

ಅಂಥ ಸಾಕ್ಷ್ಯಗಳು ದೊರೆತಿವೆ. ಉತ್ತರ ಸಿರಿಯಾದ ಖಾಬೂರ್ ನದಿಯ ಬಯಲಿನಲ್ಲಿ ಚಾಗರ್ ಬಾಜಾರ್ ಎಂಬ ದಿಬ್ಬವಿದೆ. ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಪತಿ, ಪುರಾತತ್ತ್ವಜ್ಞ ಮ್ಯಾಕ್ಸ್ ಮಾಲೋವನ್ 1930ರ ದಶಕದಲ್ಲಿ ಅಲ್ಲಿ ನಡೆಸಿದ ಉತ್ಖನನದಲ್ಲಿ ಕ್ರಿಸ್ತಪೂರ್ವ 18ನೆಯ ಶತಮಾನದ ಬೆಣೆಲಿಪಿಯ ಮಣ್ಣಿನ ಫಲಕಗಳು ಸಿಕ್ಕವು. ಅವುಗಳಲ್ಲಿ ನಮೂದಾದ ಜನರ ಹೆಸರುಗಳಲ್ಲಿ ‘ಯಹ್ಕುಬ್-ಏಲ್’ ಎಂಬುದೂ ಒಂದು. ಆ ಕಾಲದಲ್ಲಿ ಸಿರಿಯಾ ಮತ್ತು ಮೆಸಪೊಟೇಮಿಯಾಗಳಲ್ಲಿ ಹರಡಿಕೊಂಡಿದ್ದ ಅಮೋರಿಯರು ಪಶ್ಚಿಮ ಸೆಮಿಟಿಕ್ ಭಾಷೆಯನ್ನಾಡುತ್ತಿದ್ದ ಜನ. ಅವರ ಹೆಸರುಗಳಲ್ಲಿ ಮುಂದೆ ಒಂದು ಕ್ರಿಯಾಪದ, ಹಿಂದೆ ಒಂದು ದೇವರ ಹೆಸರು ಬರುವುದು ತೀರ ಸಾಮಾನ್ಯ. ‘ಏಲ್’ ಎಂದರೆ ದೇವರು. ಈಜಿಪ್ಟನ್ನು ಆಳಿದ ಪಶ್ಚಿಮ ಏಷ್ಯಾ ಮೂಲದ ಹಿಕ್ಸೋಸ್ ಅರಸರ ಕಾಲಕ್ಕೆ ಸಂಬಂಧಿಸಿದ ಮುದ್ರೆಗಳ ಮೇಲೆ ‘ಯಾಕುಬ್-ಹರ್’ ಎಂಬ ಅರಸನ ಹೆಸರಿದೆ. ದುಂಬಿಯ ಆಕಾರದಲ್ಲಿ ಕೊರೆದ ಈ ಸಣ್ಣ ಮುದ್ರೆಗಳಲ್ಲಿ ಒಂದು ಇಂದಿನ ಇಸ್ರೇಲಿನ ಹೈಫಾ ನಗರದ ಬಳಿಯ ಶಿಕ್ಮೋನಾದಲ್ಲಿ ದೊರೆತಿದೆ; ಹೆಸರಿನ ಕೊನೆಯ ಭಾಗ ಯಾವ ದೇವತೆಯನ್ನು ಸೂಚಿಸುತ್ತದೆಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ. ಕ್ರಿಸ್ತಪೂರ್ವ 15ನೆಯ ಶತಮಾನದಲ್ಲಿ ಈಜಿಪ್ಟಿನ ಮೂರನೆಯ ಥುಟ್ಮೋಸ್ ತಾನು ಗೆದ್ದ ಕಾನಾನಿನ ಊರುಗಳ ಪಟ್ಟಿಯನ್ನು ಕಾರ್ನಾಕ್ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದಾಗ, ಅದರಲ್ಲಿ ‘ಯಾಕೋಬ್-ಏಲ್’ ಎಂದು ಓದಬಹುದಾದ ಸ್ಥಳನಾಮವೂ ಸೇರಿಕೊಂಡಿತು.

ಈ ಹೆಸರುಗಳಲ್ಲಿ ಕ್ರಿಯಾಪದದ ಕರ್ತೃ ದೇವರು. ದೇವರು ಹಿಮ್ಮಡಿ ಹಿಡಿಯುತ್ತಾನೆ ಅಥವಾ ದೇವರು ವಂಚಿಸುತ್ತಾನೆ ಎಂದು ಯಾವ ತಂದೆತಾಯಿಯೂ ಮಗುವಿಗೆ ಹೆಸರಿಡಲಾರರು. ಇದೇ ಧಾತು ಇಥಿಯೋಪಿಯಾದ ಪ್ರಾಚೀನ ಗೀಝ್ ಭಾಷೆಯಲ್ಲಿ ‘ಕಾವಲಿರು, ಕಾಪಾಡು’ ಎಂಬ ಅರ್ಥದಲ್ಲಿ ನಿತ್ಯದ ಬಳಕೆಯ ಕ್ರಿಯಾಪದವಾಗಿದೆ. ಸಿರಿಯಾದ ಮರುಭೂಮಿಯ ವ್ಯಾಪಾರನಗರ ಪಾಲ್ಮೈರಾದ ಶಾಸನಗಳಲ್ಲಿ ಬರುವ ‘ಅತೆ-ಅಕಬ್’ ಎಂಬ ಹೆಸರನ್ನು ‘ಅತೆ ಎಂಬ ದೇವತೆ ಕಾಪಾಡಿದಳು’ ಎಂದಲ್ಲದೆ ಬೇರೆ ರೀತಿಯಲ್ಲಿ ಅರ್ಥ ಮಾಡುವುದು ಕಷ್ಟ. ಹಿಂದೆಯೇ ಬರುವುದು ಎಂಬ ಮೂಲಭಾವದಿಂದ ಒಂದೆಡೆ ಬೆನ್ನುಹತ್ತಿ ಕೆಡಿಸುವುದೂ ಮತ್ತೊಂದೆಡೆ ಬೆನ್ನಿಗಿದ್ದು ಕಾಯುವುದೂ ಕವಲೊಡೆದಿರಬಹುದೆಂಬ ಊಹೆ ಸಹಜವಾಗಿದೆ. ಹೀಗೆ ‘ಯಾಕೋಬ್-ಏಲ್’ ಎಂದರೆ ‘ದೇವರು ಕಾಪಾಡಲಿ’. ನಿತ್ಯದ ಮಾತಿನಲ್ಲಿ ದೇವರ ಹೆಸರು ಉದುರಿ ‘ಯಾಕೋಬ’ ಮಾತ್ರ ಉಳಿದಿದೆ. ಯೆಹೂದ್ಯರ ಸೆರೆವಾಸದ ನಂತರದ ಕಾಲದ ಬೈಬಲಿನ ಪಟ್ಟಿಗಳಲ್ಲಿ ಬರುವ ಅಕ್ಕೂಬ ಎಂಬ ಹೆಸರೂ ಇದೇ ಧಾತುವಿನ ಸಂತಾನ.

ಈ ಪುರಾವೆಗಳ ಮಿತಿಯನ್ನೂ ಹೇಳಬೇಕು. ಚಾಗರ್ ಬಾಜಾರಿನ ಯಹ್ಕುಬ್-ಏಲನಿಗಾಗಲಿ ಹಿಕ್ಸೋಸ್ ಅರಸನಿಗಾಗಲಿ ಆದಿಕಾಂಡದ ಮೂಲಪುರುಷನೊಂದಿಗೆ ಯಾವ ಸಂಬಂಧವೂ ಸಾಬೀತಾಗಿಲ್ಲ, ಅವನ ಕಾಲನಿರ್ಣಯಕ್ಕೂ ಇವು ಆಧಾರವಾಗಲಾರವು, ಏಕೆಂದರೆ ಇಂಥ ಹೆಸರುಗಳು ಆ ಪ್ರದೇಶದಲ್ಲಿ ಬಹು ದೀರ್ಘಕಾಲ ಬಳಕೆಯಲ್ಲಿದ್ದವು. ಅವು ತೋರಿಸುವುದು ಇಷ್ಟೇ: ಈ ಹೆಸರು ಕಥೆಗಾಗಿ ಹೊಸೆದದ್ದಲ್ಲ, ಸಾವಿರಾರು ವರ್ಷಗಳ ಹಿಂದೆ ಆ ನೆಲದ ಸಾಮಾನ್ಯ ತಾಯಂದಿರು ಮಕ್ಕಳಿಗೆ ಇಡುತ್ತಿದ್ದ ಶುಭದ ಹೆಸರು. ಕಥೆಗಾರನ ಕೈಗೆ ಅದು ಬಂದಾಗ ಹಳೆಯ ಅರ್ಥ ಮಾಸಿದ್ದಿರಬಹುದು, ಅಥವಾ ಅದು ತಿಳಿದಿದ್ದೂ ಆತ ಹಿಮ್ಮಡಿಯ ಶ್ಲೇಷೆಯನ್ನು ಆರಿಸಿಕೊಂಡಿರಬಹುದು. ಎರಡನೆಯದೇ ಸರಿಯಾದರೆ, ವಂಚಕನೆನಿಸಿಕೊಂಡವನು ಕೊನೆಗೆ ದೇವರ ರಕ್ಷಣೆಗೆ ಪಾತ್ರನಾಗುವ ಇಡೀ ಕಥೆಯ ನಡೆ ಹೆಸರಿನೊಳಗೇ ಅಡಗಿದೆ ಎನ್ನಬೇಕಾಗುತ್ತದೆ.

ಆದಿಕಾಂಡದ 32ನೆಯ ಅಧ್ಯಾಯದಲ್ಲಿ ಯಾಕೋಬನಿಗೆ ಇನ್ನೊಂದು ಹೆಸರು ಸಿಗುತ್ತದೆ. ಇಪ್ಪತ್ತು ವರ್ಷ ಸೋದರಮಾವ ಲಾಬಾನನ ಬಳಿ ದುಡಿದು, ಅವನಿಂದ ತಾನೂ ಮೋಸಹೋಗಿ, ಹೆಂಡತಿಮಕ್ಕಳೊಂದಿಗೆ ಊರಿಗೆ ಮರಳುವ ದಾರಿಯಲ್ಲಿ ಯಬ್ಬೋಕ್ ಹೊಳೆಯ ದಡದಲ್ಲಿ ಒಬ್ಬನೇ ಉಳಿದಾಗ ಅಪರಿಚಿತನೊಬ್ಬ ಬೆಳಗಾಗುವತನಕ ಅವನೊಂದಿಗೆ ಕುಸ್ತಿ ಹಿಡಿಯುತ್ತಾನೆ. ‘ಯಬ್ಬೋಕ್’ ಎಂಬ ಹೊಳೆಯ ಹೆಸರು, ‘ಕುಸ್ತಿಯಾಡಿದ’ ಎಂಬರ್ಥದ ‘ಯೇಆವೇಕ್’, ‘ಯಾಕೋವ್’ ಎಂಬ ನಾಯಕನ ಹೆಸರು ಮೂರೂ ಕಿವಿಗೆ ಒಂದೇ ಗುಂಪಿನವೆನಿಸುವಂತೆ ಈ ಭಾಗವನ್ನು ಹೆಣೆಯಲಾಗಿದೆ. ಎದುರಾಳಿ ಅವನಿಗೆ ಹೆಸರೇನೆಂದು ಕೇಳಿ, ಉತ್ತರ ಪಡೆದು, ಇನ್ನು ಮುಂದೆ ನಿನ್ನ ಹೆಸರು ಇಸ್ರಾಯೇಲ ಎನ್ನುತ್ತಾನೆ. ಅಬ್ರಾಮನು ಅಬ್ರಹಾಮನಾದ ಮೇಲೆ ಹಳೆಯ ಹೆಸರು ಕಥನದಿಂದ ಮರೆಯಾದರೆ, ಇಲ್ಲಿ ಹಾಗಾಗುವುದಿಲ್ಲ. ಯಾಕೋಬ ಮತ್ತು ಇಸ್ರಾಯೇಲ ಎಂಬ ಎರಡೂ ಹೆಸರುಗಳು ಜೊತೆಜೊತೆಯಾಗಿ ಸಾಗುತ್ತವೆ, ಪ್ರವಾದಿಗಳ ಮತ್ತು ಕೀರ್ತನೆಗಳ ಕಾವ್ಯದಲ್ಲಿ ಒಂದೇ ಪದ್ಯದ ಎರಡು ಪಾದಗಳಲ್ಲಿ ಇಡೀ ಜನಾಂಗವನ್ನು ಕರೆಯುವ ಜೋಡಿಪದಗಳಾಗಿ ನಿಲ್ಲುತ್ತವೆ.

ಹೀಬ್ರೂ ಬೈಬಲಿನಲ್ಲಿ ಮೂಲಪುರುಷನನ್ನು ಬಿಟ್ಟರೆ ಬೇರೆ ಯಾರಿಗೂ ಈ ಹೆಸರಿಲ್ಲ. ಪೂರ್ವಜರ ಹೆಸರುಗಳನ್ನು ಮಕ್ಕಳಿಗಿಡುವ ರೂಢಿ ಯೆಹೂದ್ಯರಲ್ಲಿ ಎರಡನೆಯ ದೇವಾಲಯದ ಕಾಲದಲ್ಲಿ, ಅಂದರೆ ಸೆರೆವಾಸದಿಂದ ಮರಳಿದ ನಂತರದ ಶತಮಾನಗಳಲ್ಲಿ ಬಲವಾಯಿತು. ಕ್ರಿಸ್ತಶಕ 1ನೆಯ ಶತಮಾನದ ಹೊತ್ತಿಗೆ ಹೆಸರು ಎಷ್ಟು ಬಳಕೆಯಲ್ಲಿತ್ತೆಂದರೆ ಯೇಸುವಿನ ಹನ್ನೆರಡು ಶಿಷ್ಯರಲ್ಲೇ ಜೆಬೆದಾಯನ ಮಗ ಯಾಕೋಬ, ಅಲ್ಫಾಯನ ಮಗ ಯಾಕೋಬ ಎಂದು ಇಬ್ಬರಿದ್ದರು. ಇವರಲ್ಲದೆ ಯೇಸುವಿನ ಸಹೋದರನೆಂದು ಹೊಸ ಒಡಂಬಡಿಕೆ ಕರೆಯುವ ಯಾಕೋಬ ಜೆರುಸಲೇಮಿನ ಮೊದಲ ಕ್ರೈಸ್ತಸಭೆಯ ನಾಯಕನಾಗಿದ್ದು, ಕ್ರಿಸ್ತಶಕ 62ರಲ್ಲಿ ಕಲ್ಲೆಸೆತಕ್ಕೆ ಬಲಿಯಾದನೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್‌ನ ಬರಹದಿಂದ ತಿಳಿಯುತ್ತದೆ. 2002ರಲ್ಲಿ ಬೆಳಕಿಗೆ ಬಂದ, ಸತ್ತವರ ಅಸ್ಥಿಗಳನ್ನಿಡುವ ಸುಣ್ಣಕಲ್ಲಿನ ಪೆಟ್ಟಿಗೆಯೊಂದರ ಮೇಲೆ ಯೋಸೇಫನ ಮಗ, ಯೇಸುವಿನ ಸಹೋದರ ಯಾಕೋಬ ಎಂಬರ್ಥದ ಅರಮಾಯಿಕ್ ಬರಹವಿದ್ದದ್ದು ಜಗತ್ತಿನ ಗಮನ ಸೆಳೆಯಿತು. ಪೆಟ್ಟಿಗೆ ಹಳೆಯದೆಂಬುದರಲ್ಲಿ ಒಮ್ಮತವಿದ್ದರೂ ಬರಹ ಪೂರ್ತಿ ಪ್ರಾಚೀನವೇ ಎಂಬ ವಿವಾದ, ಪೆಟ್ಟಿಗೆಯ ಒಡೆಯನನ್ನು ಇಸ್ರೇಲಿನ ನ್ಯಾಯಾಲಯ 2012ರಲ್ಲಿ ನಕಲಿ ತಯಾರಿಸಿದ ಆರೋಪದಿಂದ ಮುಕ್ತಗೊಳಿಸಿದ ಮೇಲೂ ಮುಗಿದಿಲ್ಲ. ಯೆಹೂದ್ಯ ಧರ್ಮಶಾಸ್ತ್ರದ ಮಹಾಗುರುಗಳಲ್ಲಿ ಒಬ್ಬನಾದ, 2ನೆಯ ಶತಮಾನದ ಅಕೀವಾನ ಹೆಸರೂ ಯಾಕೋಬ ಎಂಬುದರ ಅರಮಾಯಿಕ್ ರೂಪಾಂತರವೇ.

ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಂದು ಸೂಕ್ಷ್ಮ ಭೇದ ಕಾಣಿಸಿಕೊಂಡಿತು. ಯುರೋಪಿನ ಭಾಷೆಗಳಲ್ಲಿ ಹೆಸರು ಇಬ್ಭಾಗವಾದುದರ ಬೇರು ಅಲ್ಲಿದೆ. ಹಳೆಯ ಮೂಲಪುರುಷನನ್ನು ಹೇಳುವಾಗ ‘ಇಯಾಕೋಬ್’ ಎಂಬ, ವಿಭಕ್ತಿಪ್ರತ್ಯಯ ಹತ್ತದ ರೂಪವನ್ನು ಹಾಗೆಯೇ ಇಟ್ಟು, ಸಮಕಾಲೀನರಾದ ಶಿಷ್ಯರ ಹೆಸರಿಗೆ ಗ್ರೀಕ್ ಪ್ರತ್ಯಯ ಸೇರಿಸಿ ‘ಇಯಾಕೋಬೊಸ್’ ಎಂದು ಬರೆದರು. ಲ್ಯಾಟಿನ್ ಬೈಬಲಿನಲ್ಲಿ ಇವು ‘ಯಾಕೋಬ್’ ಮತ್ತು ‘ಯಾಕೋಬುಸ್’ ಆದವು. ಧರ್ಮಗ್ರಂಥದ ಪುಟದಲ್ಲಷ್ಟೇ ಇದ್ದ ಮೊದಲನೆಯದು ಹೆಚ್ಚು ಬದಲಾಗದೆ ಉಳಿಯಿತು. ಸಂತರ ಹೆಸರಾಗಿ ಜನರ ಬಾಯಿಗೆ ಬಿದ್ದ ಎರಡನೆಯದು ಊರಿಗೊಂದರಂತೆ ಸವೆಯಿತು. ಆಡುಮಾತಿನ ಲ್ಯಾಟಿನಿನಲ್ಲಿ ‘ಬ’ಕಾರ ‘ಮ’ಕಾರವಾಗಿ ‘ಯಾಕೊಮುಸ್’ ಎಂಬ ಉಪರೂಪ ಹುಟ್ಟಿ, ಅದರಿಂದ ಇಟಲಿಯ ಜಾಕೊಮೊ, ಕತಲಾನಿನ ಜಾವ್ಮೆ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿನ ಜೇಮ್ಸ್ ಬಂದವು. ‘ಬ’ಕಾರದ ಹಾದಿಯಲ್ಲಿ ಫ್ರೆಂಚಿನ ಝಾಕ್, ಇಟಲಿಯ ಯಾಕೊಪೊ, ಸ್ಪೇನಿನ ಯಾಗೊ ಹುಟ್ಟಿಕೊಂಡವು. ಜೇಮ್ಸ್ ಐರ್ಲೆಂಡಿನಲ್ಲಿ ಶೇಮಸ್ ಆಯಿತು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಅದೇ ಹೆಸರನ್ನು ಸಂಬೋಧನಾ ವಿಭಕ್ತಿಯಲ್ಲಿ ಕೂಗುವಾಗ ಮೊದಲಕ್ಷರ ‘ಹ’ಕಾರವಾಗುವುದನ್ನು ಕೇಳಿಸಿಕೊಂಡ ಇಂಗ್ಲಿಷರು ಹೇಮಿಶ್ ಎಂಬ ಬೇರೆಯೇ ಹೆಸರನ್ನು ಪಡೆದರು. ಒಂದನೆಯ ಜೇಮ್ಸ್ ಅರಸನ ಕಾಲದಲ್ಲಿಯೂ ನಾಟಕ ಬರೆದ ಷೇಕ್ಸ್‌ಪಿಯರನ ಪಾತ್ರಗಳಾದ ಇಯಾಗೊ, ಇಯಾಕಿಮೊ, ಜೇಕ್ವಿಸ್ ಮೂವರೂ ವಾಸ್ತವದಲ್ಲಿ ಆ ಅರಸನ ಹೆಸರಿನವರೇ.

ಅರಸ ಜೇಮ್ಸ್ ತನ್ನ ಆಶ್ರಯದಲ್ಲಿ 1611ರಲ್ಲಿ ಹೊರಬಂದ ಬೈಬಲಿನಲ್ಲಿ ಶಿಷ್ಯರಿಗೆ ತನ್ನ ಹೆಸರನ್ನೇ ಇಡಿಸಿದನೆಂಬ ಪ್ರತೀತಿ ಇದೆ. ಇದು ನಿಜವಲ್ಲ, 14ನೆಯ ಶತಮಾನದ ವಿಕ್ಲಿಫ್ ಪರಂಪರೆಯ ಇಂಗ್ಲಿಷ್ ಬೈಬಲಿನಲ್ಲಿಯೇ ಶಿಷ್ಯರಿಗೆ ಜೇಮ್ಸ್ ಎಂಬ ರೂಪವಿತ್ತು. ಒಂದೇ ಹೆಸರು ಜೇಕಬ್ ಮತ್ತು ಜೇಮ್ಸ್ ಎಂದು ಒಡೆದದ್ದರಿಂದಾದ ನಷ್ಟವಂತೂ ದೊಡ್ಡದು. ಮತ್ತಾಯನ ಸುವಾರ್ತೆಯ ವಂಶಾವಳಿಯಲ್ಲಿ ಮರಿಯಳ ಪತಿ ಯೋಸೇಫನ ತಂದೆಯ ಹೆಸರು ಯಾಕೋಬ. ಆತನ ಮೊಮ್ಮಗನೆನಿಸಿದ, ಯೇಸುವಿನ ಸಹೋದರನಿಗೂ ಅದೇ ಹೆಸರು. ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರುವ ಈ ಸರಳ ಸಂಗತಿ, ಒಬ್ಬನನ್ನು ಜೇಕಬ್ ಎಂದೂ ಇನ್ನೊಬ್ಬನನ್ನು ಜೇಮ್ಸ್ ಎಂದೂ ಓದುವ ಇಂಗ್ಲಿಷ್ ಓದುಗನಿಗೆ ಕಾಣುವುದೇ ಇಲ್ಲ. ಕನ್ನಡ ಓದುಗ ಈ ವಿಷಯದಲ್ಲಿ ಅದೃಷ್ಟವಂತ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲಿನ ಪರಂಪರೆಯಲ್ಲಿ ಇಂದಿಗೂ ಮೂಲಪುರುಷನೂ ಯಾಕೋಬನೇ, ಶಿಷ್ಯರೂ ಯಾಕೋಬರೇ, ಇಂಗ್ಲಿಷಿನಲ್ಲಿ ಜೇಮ್ಸನದೆನಿಸುವ ಪತ್ರಿಕೆಯೂ ಯಾಕೋಬನದೇ. ಇತ್ತೀಚಿನ ಕನ್ನಡ ಅನುವಾದಗಳು ‘ಯಕೋಬ’ ಎಂದು ಹ್ರಸ್ವಗೊಳಿಸಿದರೂ ಹೆಸರನ್ನು ಒಡೆದಿಲ್ಲ.

ಜೆಬೆದಾಯನ ಮಗ ಯಾಕೋಬನನ್ನು ಒಂದನೆಯ ಹೆರೋದ ಅಗ್ರಿಪ್ಪ ಕ್ರಿಸ್ತಶಕ 44ರ ಸುಮಾರಿಗೆ ಕತ್ತಿಯಿಂದ ಕೊಲ್ಲಿಸಿದ. ಅವನ ಅವಶೇಷಗಳು ಸ್ಪೇನಿನ ವಾಯವ್ಯ ಮೂಲೆಯಲ್ಲಿ ಸಿಕ್ಕವೆಂಬ ನಂಬಿಕೆ 9ನೆಯ ಶತಮಾನದ ಆರಂಭದಲ್ಲಿ ಹುಟ್ಟಿ, ಅಲ್ಲಿ ಬೆಳೆದ ಸಾಂತಿಯಾಗೊ ದೆ ಕಂಪೊಸ್ತೆಲಾ ಯುರೋಪಿನ ಮಹಾಯಾತ್ರಾಸ್ಥಳಗಳಲ್ಲಿ ಒಂದಾಯಿತು. ಯಾತ್ರಿಕರು ಗುರುತಿಗೆ ಧರಿಸುತ್ತಿದ್ದ ಬೀಸಣಿಗೆಯಾಕಾರದ ಕಡಲಚಿಪ್ಪಿಗೆ ಫ್ರೆಂಚರು ಈಗಲೂ ಸಂತ ಝಾಕನ ಚಿಪ್ಪು ಎನ್ನುತ್ತಾರೆ. ‘ಸಾಂತ್’ ಎಂದರೆ ಸಂತ. ‘ಸಾಂತ್ ಯಾಗೊ’ ಎರಡೂ ಪದ ಕೂಡಿ ಒಂದೇ ಹೆಸರಾಗಿ, ಅದನ್ನು ಮತ್ತೆ ತಪ್ಪು ಜಾಗದಲ್ಲಿ ಬಿಡಿಸಿದ್ದರಿಂದ ‘ತಿಯಾಗೊ’ ಎಂಬ ಹೊಸ ಹೆಸರು ಬಂತು. ದಿಯೇಗೊ ಎಂಬುದೂ ಹೀಗೆಯೇ ಹುಟ್ಟಿತೆಂಬುದು ಹಳೆಯ ವಿವರಣೆಯಾದರೂ, ಮಧ್ಯಯುಗದ ಸ್ಪೇನಿನ ದಾಖಲೆಗಳಲ್ಲಿ ಅದಕ್ಕೆ ‘ದಿದಾಕುಸ್’ ಎಂಬ ಬೇರೆ ಲ್ಯಾಟಿನ್ ರೂಪವಿರುವುದರಿಂದ ಅದು ಸ್ವತಂತ್ರ ಹೆಸರಾಗಿರಬಹುದೆಂದು ಅನೇಕರು ವಾದಿಸುತ್ತಾರೆ. ಸ್ಪೇನಿನವರು ಸಮುದ್ರ ದಾಟಿದಾಗ ಹೆಸರೂ ದಾಟಿತು. ಚಿಲಿ ದೇಶದ ರಾಜಧಾನಿಗೆ 1541ರಲ್ಲಿ ಪೆದ್ರೊ ದೆ ವಾಲ್ದಿವಿಯ ಇಟ್ಟದ್ದು ಈ ಸಂತನ ಹೆಸರನ್ನೇ.

ಅರಬ್ಬಿಯಲ್ಲಿ ಹೆಸರು ಯಾಕೂಬ್. ಕುರ್‌ಆನಿನಲ್ಲಿ ಇದು 16 ಬಾರಿ ಬರುತ್ತದೆ, ಆದರೆ ಅಣ್ಣನ ಹಕ್ಕನ್ನು ಕಸಿದ ಕಥೆ ಅಲ್ಲಿಲ್ಲ. ಅಲ್ಲಿನ ಯಾಕೂಬ್ ಮಗ ಯೂಸುಫನನ್ನು ಕಳೆದುಕೊಂಡು ಅತ್ತತ್ತು ಕಣ್ಣು ಕುರುಡಾದ, ಮಗನ ಅಂಗಿಯನ್ನು ಮುಖಕ್ಕೆ ಹಾಕಿದಾಗ ದೃಷ್ಟಿ ಮರಳಿ ಪಡೆದ, ತಾಳ್ಮೆಗೆ ಮಾದರಿಯಾದ ಪ್ರವಾದಿ. 11ನೆಯ ಅಧ್ಯಾಯದಲ್ಲಿ ಇಸ್ಹಾಕನ ಬಳಿಕ ಯಾಕೂಬ್ ಹುಟ್ಟುವನೆಂಬ ಶುಭವಾರ್ತೆ ಇರುವುದರಿಂದ, ಅರಬ್ಬಿಯ ಕೆಲವು ವ್ಯಾಖ್ಯಾನಕಾರರು ಅದೇ ಧಾತುವಿನ ‘ಹಿಂದೆ ಬರುವುದು’ ಎಂಬ ಅರ್ಥವನ್ನು ಹಿಡಿದು ಹೆಸರನ್ನು ವಿವರಿಸಿದರು. ಮುಸ್ಲಿಂ ಸಮಾಜದಲ್ಲಿ ಈ ಮನೆತನದ ಹೆಸರುಗಳು ಸರಪಳಿಯಂತೆ ಬರುವುದುಂಟು: 9ನೆಯ ಶತಮಾನದ ತತ್ತ್ವಜ್ಞಾನಿ ಅಲ್-ಕಿಂದಿಯ ಪೂರ್ಣ ಹೆಸರು ಅಬೂ ಯೂಸುಫ್ ಯಾಕೂಬ್ ಇಬ್ನ್ ಇಸ್ಹಾಕ್, ಎಂದರೆ ಯೂಸುಫನ ತಂದೆ, ಇಸ್ಹಾಕನ ಮಗ ಯಾಕೂಬ್. ಯಾಕೂಬ್ ಎಂಬ ಹೆಸರಿನವನಿಗೆ ‘ಅಬೂ ಯೂಸುಫ್’ ಎಂಬ ಗೌರವನಾಮ ತಾನಾಗಿಯೇ ಸಲ್ಲುತ್ತಿತ್ತು. ಪರ್ಷಿಯನ್ ಮತ್ತು ಉರ್ದು ಕಾವ್ಯದಲ್ಲಿ ಯಾಕೂಬನ ದುಃಖದ ಮನೆ ಅಗಲಿಕೆಯ ಸಂಕೇತವಾಯಿತು. ವಿಜಯಪುರದ ಆದಿಲ್‌ಶಾಹಿ ಕಾಲದ ದಖನಿ ಕವಿ, ಸ್ವತಃ ಕುರುಡನಾಗಿದ್ದ ಹಾಶ್ಮಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ಯೂಸುಫ್–ಜುಲೈಖಾರ ಕಥೆಯನ್ನು ಮಸ್ನವಿಯಾಗಿ, ಅಂದರೆ ದ್ವಿಪದಿಗಳ ದೀರ್ಘಕಾವ್ಯವಾಗಿ, ರಚಿಸಿದ. ಅದೇ ವಿಜಯಪುರದಲ್ಲಿ ಸಮಾಧಿಯಿರುವ ಯಾಕೂತ್ ದಾಬೂಲಿ ಎಂಬವನ ಹೆಸರನ್ನು ಯಾಕೂಬ್ ಎಂದು ತಪ್ಪಾಗಿ ಓದಬಾರದು. ಯಾಕೂತ್ ಎಂದರೆ ಮಾಣಿಕ್ಯ, ಅದರ ಮೂಲವೇ ಬೇರೆ.

ಪೂರ್ವದ ಕ್ರೈಸ್ತಸಭೆಗಳಲ್ಲಿ ಹೆಸರು ಬಹುಮಟ್ಟಿಗೆ ಒಡೆಯದೆ ಉಳಿಯಿತು. ಆರ್ಮೇನಿಯದಲ್ಲಿ ಅದು ಹಾಕೋಬ್. ಆ ಭಾಷೆಯ ಮೊದಲ ಮುದ್ರಿತ ಪುಸ್ತಕವನ್ನು 1512ರಲ್ಲಿ ವೆನಿಸ್ಸಿನಲ್ಲಿ ಹೊರತಂದವನೂ ಒಬ್ಬ ಹಾಕೋಬನೇ. ಇಥಿಯೋಪಿಯಾವನ್ನು 1434ರಿಂದ 1468ರವರೆಗೆ ಆಳಿದ ಜೆರಾ ಯಾಕೋಬನ ಹೆಸರಿಗೆ ಯಾಕೋಬನ ಬೀಜ ಎಂಬರ್ಥ. ಸಿರಿಯಾದಲ್ಲಿ 6ನೆಯ ಶತಮಾನದ ಯಾಕೋಬ ಬರಾದಾಯುಸ್ ಎಂಬ ಬಿಷಪ್ ಸಾಮ್ರಾಜ್ಯದ ಅಧಿಕಾರಿಗಳ ಕಣ್ಣುತಪ್ಪಿಸಲು ಕುದುರೆಯ ಜೀನಿನ ಹರಕು ಬಟ್ಟೆಯನ್ನು ಹೊದ್ದು ಊರೂರು ಅಲೆದು, 578ರಲ್ಲಿ ತೀರಿಕೊಳ್ಳುವವರೆಗೆ ಪಾದ್ರಿಗಳಿಗೆ ದೀಕ್ಷೆ ಕೊಟ್ಟು ತನ್ನ ಸಭೆಯನ್ನು ಉಳಿಸಿದ. ಎದುರಾಳಿಗಳು ಆ ಸಭೆಯವರನ್ನು ಹೀಯಾಳಿಸಿ ‘ಯಾಕೋಬೀಯರು’ ಎಂದರು. ಕೇರಳದಲ್ಲಿ ಅದೇ ಹೆಸರನ್ನು ಸಭೆ ತನ್ನದಾಗಿ ಒಪ್ಪಿಕೊಂಡಿತು. ಸಿರಿಯಾಕ್ ಉಚ್ಚಾರಣೆಯಿಂದ ಬಂದ ಮಲಯಾಳಂ ಹೆಸರು ಚಾಕೋ. ಉಡುಪಿ ಜಿಲ್ಲೆಯ ಬ್ರಹ್ಮಾವರದ ಕೊಂಕಣಿ ಕ್ರೈಸ್ತರಲ್ಲಿ ಒಂದು ಗುಂಪು 19ನೆಯ ಶತಮಾನದ ಕೊನೆಯಲ್ಲಿ, ಕೊಟ್ಟಾಯಂನಲ್ಲಿ 1889ರಲ್ಲಿ ಬಿಷಪ್ ದೀಕ್ಷೆ ಪಡೆದ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸ್‌ನ ನೇತೃತ್ವದಲ್ಲಿ ಇದೇ ಸಿರಿಯನ್ ಪರಂಪರೆಯನ್ನು ಸೇರಿತು. ಕರ್ನಾಟಕದಲ್ಲಿ ಇಂದು ಕರಾವಳಿಯ ಕ್ರೈಸ್ತರಲ್ಲಿ ಜೇಮ್ಸ್ ಮತ್ತು ಜೇಕಬ್, ಕನ್ನಡ ಬೈಬಲನ್ನು ಓದಿ ಬೆಳೆದ ಕುಟುಂಬಗಳಲ್ಲಿ ಯಾಕೋಬ, ಮುಸ್ಲಿಮರಲ್ಲಿ ಯಾಕೂಬ್, ಕೇರಳದಿಂದ ಬಂದು ನೆಲೆಸಿದವರಲ್ಲಿ ಚಾಕೋ ಎಂದು ಒಂದೇ ಹೆಸರಿನ ನಾಲ್ಕು ರೂಪಗಳು ಅಕ್ಕಪಕ್ಕದಲ್ಲಿವೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಜೇಮ್ಸ್ ಗಂಡುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನದಲ್ಲಿತ್ತು, 1999ರಿಂದ 2012ರವರೆಗೆ ಆ ಸ್ಥಾನ ಜೇಕಬ್‌ನದಾಗಿತ್ತು.

ಹೆಸರಿನಿಂದ ಹುಟ್ಟಿದ ರಾಜಕೀಯ ಪದಗಳನ್ನು ಓದುಗರು ಬೆರೆಸಿಕೊಳ್ಳುವುದು ಸಾಮಾನ್ಯವಾದ್ದರಿಂದ ಅವನ್ನು ಬಿಡಿಸಿ ಹೇಳುವುದು ಅಗತ್ಯ. ಇಂಗ್ಲೆಂಡಿನಲ್ಲಿ 1688ರಲ್ಲಿ ಸಿಂಹಾಸನ ಕಳೆದುಕೊಂಡ ಎರಡನೆಯ ಜೇಮ್ಸನ ಮತ್ತು ಅವನ ವಂಶದ ಪಕ್ಷಪಾತಿಗಳು ಜಾಕೊಬೈಟರು. 1746ರ ಕಲೋಡನ್ ಕದನದಲ್ಲಿ ಅವರ ಆಸೆ ಮುಗಿಯಿತು. ಸಿರಿಯಾದ ಯಾಕೋಬೀಯರಿಗೂ ಇವರಿಗೂ ಇಂಗ್ಲಿಷಿನಲ್ಲಿ ಒಂದೇ ಪದವಿದ್ದರೂ ಸಂಬಂಧವಿಲ್ಲ. ಫ್ರಾನ್ಸಿನಲ್ಲಿ ಝಾಕ್ ಎಂಬುದು ರೈತನಿಗೆ ಸಾಮಾನ್ಯ ಹೆಸರಾಗಿದ್ದರಿಂದ 1358ರ ರೈತದಂಗೆಗೆ ಝಾಕರಿ ಎಂಬ ಹೆಸರು ಬಂತು. ಪ್ಯಾರಿಸ್ಸಿನ ಸಂತ ಝಾಕನ ಬೀದಿಯಲ್ಲಿ ಮಠವಿದ್ದ ಡೊಮಿನಿಕನ್ ಸಂನ್ಯಾಸಿಗಳನ್ನು ಜನ ಜಾಕೊಬಿನರೆಂದು ಕರೆಯುತ್ತಿದ್ದರು. 1789ರ ಕ್ರಾಂತಿಯ ಕಾಲದಲ್ಲಿ ಉಗ್ರ ಗಣರಾಜ್ಯವಾದಿಗಳಾಗಿ ಬೆಳೆದ ರಾಜಕೀಯ ಕೂಟವೊಂದು ಸಂತ ಒನೊರೆಯ ಬೀದಿಯಲ್ಲಿದ್ದ ಅದೇ ಪಂಥದ ಇನ್ನೊಂದು ಮಠದಲ್ಲಿ ಸೇರುತ್ತಿದ್ದುದರಿಂದ ಆ ಹೆಸರು ಅವರಿಗೆ ಅಂಟಿತು. ಅದೇ ಪದ ಶ್ರೀರಂಗಪಟ್ಟಣವನ್ನೂ ತಲುಪಿತು. 1797ರಲ್ಲಿ ಮಂಗಳೂರಿಗೆ ಬಂದಿಳಿದ ಫ್ರೆಂಚ್ ನಾವಿಕ ರಿಪೋ, ಟಿಪ್ಪು ಸುಲ್ತಾನನ ರಾಜಧಾನಿಯಲ್ಲಿದ್ದ ಫ್ರೆಂಚರನ್ನು ಸೇರಿಸಿ ಕ್ರಾಂತಿಯ ಆದರ್ಶಗಳ ಕೂಟವೊಂದನ್ನು ಕಟ್ಟಿ, ಸ್ವಾತಂತ್ರ್ಯವೃಕ್ಷವನ್ನು ನೆಡಿಸಿದನೆಂದು 1799ರಲ್ಲಿ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಇದನ್ನೇ ಇತಿಹಾಸದಲ್ಲಿ ಮೈಸೂರಿನ ಜಾಕೊಬಿನ್ ಕ್ಲಬ್ ಎನ್ನುತ್ತಾರೆ. ಟಿಪ್ಪುವಿನ ಮೇಲಿನ ಯುದ್ಧವನ್ನು ಸಮರ್ಥಿಸಿಕೊಳ್ಳುವ ಅಗತ್ಯ ಕಂಪನಿಗಿದ್ದುದರಿಂದ ಆ ಪತ್ರಗಳನ್ನು ಪೂರ್ತಿ ನಂಬಲಾಗದೆಂದು ಇತ್ತೀಚಿನ ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ.